ಕಿರಿಯ ಕೀಲಿಮಣೆ: ಕೊಳ್ಳುವ ಮೊದಲು

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಗಾದೆ ಈಗ ಮೇಜಿನ ಮೇಲಿನ ಒಂದು ವಸ್ತುವಿಗೂ ಸಲ್ಲತೊಡಗಿದೆ. ಕಂಪ್ಯೂಟರಿನ ಮುಂದಿರುವ ಕೀಲಿಮಣೆ, ಅಂದರೆ ಎಲ್ಲರೂ ಕೀಬೋರ್ಡು ಎಂದು ಕರೆಯುವ ಸಾಧನ, ಬಹುಕಾಲದವರೆಗೆ ಕಂಪ್ಯೂಟರಿನ ಜೊತೆಗೇ ಮನೆಗೆ ಬರುತ್ತಿದ್ದ ವಸ್ತು. ಅದನ್ನು ಬೇರೆಯಾಗಿ ಆರಿಸಿ ಕೊಳ್ಳಬೇಕೆಂದು ಯೋಚಿಸಿದವರು ವಿರಳ. ಇಂದು ಹಾಗಲ್ಲ. ಕಾಲೇಜಿಗೆ ಹೋಗುವ ಮಗ ‘ಮೆಕ್ಯಾನಿಕಲ್’ ಕೀಲಿಮಣೆಯೇ ಬೇಕು, ಅದೂ ‘ಕಾಂಪ್ಯಾಕ್ಟ್’ ಆಗಿರಬೇಕು ಎನ್ನುತ್ತಾನೆ. ಮನೆಯಿಂದಲೇ ಕಚೇರಿಯ ಕೆಲಸ ನಡೆಸುವ ಮಗಳಿಗೂ ಅದೇ ಆಸೆ. ಬೆಲೆಯನ್ನು ಕೇಳಿದ ತಂದೆ ಮಾತ್ರ ಹುಬ್ಬೇರಿಸುತ್ತಾರೆ: “ಅಕ್ಷರ ಬಡಿಯುವ ಹಲಗೆಗೆ ಐದು ಸಾವಿರವೆ? ಅದೂ ಕಾಲುಭಾಗ ಕೀಲಿಗಳೇ ಇಲ್ಲದ ಹಲಗೆಗೆ?”

ತಂದೆಯ ಪ್ರಶ್ನೆ ತಳ್ಳಿಹಾಕುವಂಥದಲ್ಲ. ಇಲ್ಲದ ಆ ಕೀಲಿಗಳು ಎಲ್ಲಿಗೆ ಹೋದವು ಎಂಬುದನ್ನು ಅರಿಯದೆ ಕೊಂಡವರು ತಿಂಗಳೊಳಗೆ ಅದನ್ನು ಅಟ್ಟಕ್ಕೆ ಏರಿಸುವುದುಂಟು. ಅರಿತು ಕೊಂಡವರಿಗೆ ಅದು ಹತ್ತಾರು ವರ್ಷಗಳ ಸಂಗಾತಿಯಾಗಬಲ್ಲದು. ಕನ್ನಡದಲ್ಲಿ ಬರೆಯುವವರಂತೂ ಈ ಲೆಕ್ಕವನ್ನು ಇನ್ನಷ್ಟು ಎಚ್ಚರದಿಂದ ಮಾಡಬೇಕು. ಏಕೆಂಬುದು ಮುಂದೆ ತಿಳಿಯುವುದು.

ರಬ್ಬರು ಮತ್ತು ಸ್ಪ್ರಿಂಗು

ಸಾಮಾನ್ಯ ಕೀಲಿಮಣೆಯ ಒಡಲಲ್ಲಿರುವುದು ಒಂದು ರಬ್ಬರಿನ ಹಾಳೆ. ಪ್ರತಿಯೊಂದು ಕೀಲಿಯ ಕೆಳಗೂ ಆ ಹಾಳೆಯಲ್ಲಿ ಒಂದು ಪುಟ್ಟ ಗುಮ್ಮಟವಿರುತ್ತದೆ. ಕೀಲಿಯನ್ನು ಒತ್ತಿದಾಗ ಗುಮ್ಮಟ ಕುಸಿದು ಕೆಳಗಿನ ಪದರಗಳನ್ನು ಕೂಡಿಸುತ್ತದೆ. ವಿದ್ಯುತ್ತು ಹರಿಯುತ್ತದೆ, ಪರದೆಯ ಮೇಲೆ ಅಕ್ಷರ ಮೂಡುತ್ತದೆ. ಅಗ್ಗದ ಉಪಾಯ, ಸದ್ದೂ ಕಡಿಮೆ. ಆದರೆ ಸಾಮಾನ್ಯವಾಗಿ ಕೀಲಿಯನ್ನು ತಳಮುಟ್ಟ ಒತ್ತಿದ ಹೊರತು ಅಕ್ಷರ ಮೂಡದು. ಕಾಲ ಕಳೆದಂತೆ ರಬ್ಬರು ಸೊರಗಿ, ಒಂದು ಕೀಲಿ ಬಿಗಿ, ಇನ್ನೊಂದು ಸಡಿಲ ಎಂಬಂತಾಗುತ್ತದೆ.

ಮೆಕ್ಯಾನಿಕಲ್ ಕೀಲಿಮಣೆಯಲ್ಲಿ ಒಂದೊಂದು ಕೀಲಿಗೂ ಬೇರೆ ಬೇರೆ ಸ್ವಿಚ್ಚು, ಒಂದೊಂದು ಸ್ವಿಚ್ಚಿಗೂ ಬೇರೆ ಬೇರೆ ಸ್ಪ್ರಿಂಗು. ಸಾಮಾನ್ಯವಾಗಿ ಕೀಲಿ ಸುಮಾರು 4 ಮಿಲಿಮೀಟರು ಇಳಿಯುತ್ತದೆ. ಅರ್ಧದಾರಿಯಲ್ಲಿ, ಅಂದರೆ ಸುಮಾರು 2 ಮಿಲಿಮೀಟರಿಗೇ, ಅಕ್ಷರ ದಾಖಲಾಗುತ್ತದೆ. ಕೈ ಪಳಗಿದವರು ತಳಮುಟ್ಟ ಒತ್ತದೆ ಹಗುರವಾಗಿ ಬೆರಳಾಡಿಸಬಹುದು. ಒಳ್ಳೆಯ ಸ್ವಿಚ್ಚು 5 ಕೋಟಿ ಸಲ ಅಥವಾ ಅದಕ್ಕೂ ಹೆಚ್ಚು ಸಲ ಒತ್ತಿಸಿಕೊಳ್ಳಬಲ್ಲದೆಂದು ತಯಾರಕರು ಹೇಳುತ್ತಾರೆ. ಒಂದು ಕೀಲಿ ಕೆಟ್ಟರೆ ಅದೊಂದನ್ನೇ ರಿಪೇರಿ ಮಾಡಿಸಬಹುದು, ಮಣೆಯನ್ನೆಲ್ಲ ಎಸೆಯಬೇಕಾಗಿಲ್ಲ.

ಇದು ಹೊಸ ಸಂಶೋಧನೆಯೇನೂ ಅಲ್ಲ. ಅಮೆರಿಕದ ಐ.ಬಿ.ಎಂ. ಸಂಸ್ಥೆ 1980ರ ದಶಕದಲ್ಲಿ ಹೊರತಂದ ‘ಮಾಡೆಲ್ ಎಂ’ ಎಂಬ 101 ಕೀಲಿಗಳ ಮಣೆಯಲ್ಲೂ ಪ್ರತಿ ಕೀಲಿಗೆ ಸ್ಪ್ರಿಂಗು ಇತ್ತು. ಅದರ ‘ಟಕ್ ಟಕ್’ ಸದ್ದು ಇಂದಿಗೂ ಹೆಸರುವಾಸಿ. ಅದೇ ದಶಕದಲ್ಲಿ ಚೆರ್ರಿ ಸಂಸ್ಥೆಯ ‘ಎಂ.ಎಕ್ಸ್.’ ಸ್ವಿಚ್ಚು ಬಂದಿತು. ಈಗ ಮಾರುಕಟ್ಟೆಯಲ್ಲಿರುವ ಬಹುಪಾಲು ಸ್ವಿಚ್ಚುಗಳು ಅದರ ಅಚ್ಚಿನಲ್ಲೇ ಹುಟ್ಟಿದವು. ಅದರ ಪೇಟೆಂಟು ತೀರಿದ ಮೇಲೆ ಚೀನಾದ ಗೇಟರಾನ್, ಕೈಲ್ ಮೊದಲಾದ ಸಂಸ್ಥೆಗಳು ಅದೇ ಬಗೆಯವನ್ನು ಹೇರಳವಾಗಿ ತಯಾರಿಸಿದುದರಿಂದ ಬೆಲೆ ಇಳಿದು, ಮೆಕ್ಯಾನಿಕಲ್ ಕೀಲಿಮಣೆ ಮಧ್ಯಮ ವರ್ಗದ ಮನೆಯ ಬಾಗಿಲಿಗೂ ಬಂದಿತು. ಭಾರತದ ಬ್ಯಾಂಕು, ಕಚೇರಿ, ಡಿ.ಟಿ.ಪಿ. ಅಂಗಡಿಗಳಲ್ಲಿ ಬಹುಕಾಲದಿಂದ ಕೇಳಿಬರುವ ಟಿ.ವಿ.ಎಸ್. ಗೋಲ್ಡ್ ಕೀಲಿಮಣೆಯ ಗಟ್ಟಿ ಸದ್ದೂ ಇದೇ ಬಗೆಯ ಸ್ವಿಚ್ಚಿನದು. ಆದುದರಿಂದ ಹೆಸರು ಹೊಸದಾದರೂ ಸದ್ದು ಹಲವರಿಗೆ ಪರಿಚಿತವೇ.

ಮೂರು ಸ್ವಭಾವಗಳು

ಸ್ವಿಚ್ಚುಗಳಲ್ಲಿ ನೂರೆಂಟು ಹೆಸರು, ಬಣ್ಣಗಳಿವೆ. ಸ್ವಭಾವಗಳು ಮಾತ್ರ ಮೂರೇ. ಮೊದಲನೆಯದು ಎಲ್ಲಿಯೂ ತಡೆಯಿಲ್ಲದೆ ನೇರವಾಗಿ ಇಳಿಯುವಂಥದು. ಇದಕ್ಕೆ ‘ಲೀನಿಯರ್’ ಎಂದು ಹೆಸರು. ಚೆರ್ರಿಯವರ ಕೆಂಪು ಸ್ವಿಚ್ಚು ಈ ಬಗೆಯದು, 45 ಗ್ರಾಂ ಭಾರವಿಟ್ಟಷ್ಟು ಬಲಕ್ಕೆ ಇಳಿಯುತ್ತದೆ. ಎರಡನೆಯದು ಅರ್ಧದಾರಿಯಲ್ಲಿ ಬೆರಳಿಗೆ ಒಂದು ಸಣ್ಣ ಉಬ್ಬು ತಗುಲುವಂಥದು. ಅಕ್ಷರ ದಾಖಲಾಯಿತೆಂಬ ಸುದ್ದಿಯನ್ನು ಅದು ಬೆರಳಿಗೆ ತಿಳಿಸುತ್ತದೆ. ಇದು ‘ಟ್ಯಾಕ್ಟೈಲ್’. ಕಂದು ಬಣ್ಣದ್ದು ಈ ಗುಂಪಿನದು. ಮೂರನೆಯದು ಆ ಸುದ್ದಿಯನ್ನು ಬೆರಳಿಗಷ್ಟೇ ಅಲ್ಲದೆ ಕಿವಿಗೂ ಸಾರುವಂಥದು, ಅಂದರೆ ‘ಕ್ಲಿಕ್ಕಿ’. ನೀಲಿ ಸ್ವಿಚ್ಚು ಇದಕ್ಕೆ ಉದಾಹರಣೆ.

ನೀಲಿ ಸ್ವಿಚ್ಚಿನ ಸದ್ದು ಅಂಗಡಿಯ ಗದ್ದಲದಲ್ಲಿ ಹಿತವಾಗಿ ಕೇಳುತ್ತದೆ. ರಾತ್ರಿ ಹನ್ನೊಂದು ಗಂಟೆಗೆ, ಎರಡು ಕೋಣೆಯ ಮನೆಯಲ್ಲಿ, ಮಗು ಮಲಗಿರುವಾಗ ಅದೇ ಸದ್ದು ಹೇಗಿರುತ್ತದೆಂದು ಊಹಿಸಿಕೊಳ್ಳಬೇಕು. ದೂರದ ಸಹೋದ್ಯೋಗಿಗಳೊಡನೆ ಕಂಪ್ಯೂಟರಿನಲ್ಲೇ ಸಭೆ ನಡೆಸುವವರ ಮಾತಿನ ನಡುವೆಯೂ ಅದು ನುಗ್ಗುತ್ತದೆ. ಹಲವರು ವಾಸಿಸುವ ಮನೆಗೆ ಕಂದು ಅಥವಾ ಕೆಂಪು ಲೇಸು. ಟೈಪ್‌ರೈಟರಿನಲ್ಲಿ ಪಳಗಿದ ಹಿರಿಯರು ಬೆರಳೂರಿ ಒತ್ತುವ ಅಭ್ಯಾಸದವರು. ಅವರಿಗೆ ಅತಿ ಹಗುರವಾದ ಕೆಂಪು ಸ್ವಿಚ್ಚಿನಲ್ಲಿ ಬೆರಳು ತಗುಲಿದರೂ ಅಕ್ಷರ ಬಿದ್ದಂತೆ ತೋರಬಹುದು. ಕಂದು ಬಣ್ಣದ್ದರಲ್ಲಿ ಆ ತೊಂದರೆ ಕಡಿಮೆ.

ಕಿರಿದಾಗುವುದರ ಲಾಭ

ಇನ್ನು ಗಾತ್ರದ ಮಾತು. ಪೂರ್ಣ ಗಾತ್ರದ ಮಣೆಯಲ್ಲಿ ಸಾಮಾನ್ಯವಾಗಿ 104 ಕೀಲಿಗಳಿರುತ್ತವೆ. ಒಂದು ಕೀಲಿಯ ನಡುವಿನಿಂದ ಪಕ್ಕದ ಕೀಲಿಯ ನಡುವಿನವರೆಗೆ ಮುಕ್ಕಾಲು ಅಂಗುಲ, ಅಂದರೆ 19.05 ಮಿಲಿಮೀಟರು. ಕಿರಿಯ ಮಣೆಯಲ್ಲಿ ಈ ಅಂತರ ಕಿರಿದಾಗುವುದಿಲ್ಲವೆಂಬುದನ್ನು ಗಮನಿಸಬೇಕು. ಕಡಿಮೆಯಾಗುವುದು ಕೀಲಿಗಳ ಸಂಖ್ಯೆ ಮಾತ್ರ. ಆದುದರಿಂದ ಬೆರಳುಗಳು ಇಕ್ಕಟ್ಟಾದಾವೆಂಬ ಭಯಕ್ಕೆ ಕಾರಣವಿಲ್ಲ.

ಪೂರ್ಣ ಮಣೆಯ ಕೀಲಿಗಳು ಸುಮಾರು 43 ಸೆಂಟಿಮೀಟರು ಅಗಲಕ್ಕೆ ಹರಡಿಕೊಳ್ಳುತ್ತವೆ. ಬಲಗಡೆಯ ಅಂಕಿಗಳ ಗುಂಪನ್ನು ತೆಗೆದರೆ 87 ಕೀಲಿಗಳು ಉಳಿದು ಅಗಲ 35 ಸೆಂಟಿಮೀಟರಿಗೆ ಇಳಿಯುತ್ತದೆ. ‘75 ಶೇಕಡಾ’ ಎಂದು ಕರೆಸಿಕೊಳ್ಳುವ ಮಣೆಯಲ್ಲಿ ಸುಮಾರು 84 ಕೀಲಿಗಳು, ‘65 ಶೇಕಡಾ’ ಮಣೆಯಲ್ಲಿ ಸುಮಾರು 68. ಇವೆರಡರ ಅಗಲವೂ ಹೆಚ್ಚುಕಡಿಮೆ 30 ಸೆಂಟಿಮೀಟರೇ. ‘60 ಶೇಕಡಾ’ ಮಣೆಯಲ್ಲಿ 61 ಕೀಲಿಗಳು, ಅಗಲ 28ರಿಂದ 29 ಸೆಂಟಿಮೀಟರು. ಶೇಕಡಾ ಎಂಬುದು ಇಲ್ಲಿ ಗಣಿತವಲ್ಲ, ವ್ಯಾಪಾರದ ರೂಢಿಮಾತು. 104ರಲ್ಲಿ 84 ಎಂದರೆ 75 ಶೇಕಡಾ ಆಗದೆಂಬುದನ್ನು ಶಾಲೆಯ ಮಗುವೂ ಹೇಳೀತು.

ಈ ಉಳಿತಾಯದಿಂದ ಆಗುವ ನಿಜವಾದ ಲಾಭ ಮೇಜಿನ ಜಾಗವೊಂದೇ ಅಲ್ಲ. ಪೂರ್ಣ ಮಣೆಯ ಬಲಕ್ಕೆ ಮೌಸನ್ನು ಇಟ್ಟುಕೊಂಡವರು ಅದನ್ನು ಹಿಡಿಯಲು ಪ್ರತಿಸಲವೂ ತೋಳನ್ನು ಹೊರಕ್ಕೆ ಚಾಚಬೇಕು. ದಿನಕ್ಕೆ ನೂರಾರು ಸಲ ಹೀಗೆ ಚಾಚಿದ ತೋಳು ಸಂಜೆಗೆ ಭುಜದಲ್ಲಿ ನೋವಾಗಿ ಮಾತನಾಡುತ್ತದೆ. ಮಣೆ ಹತ್ತು ಹನ್ನೆರಡು ಸೆಂಟಿಮೀಟರು ಕಿರಿದಾದರೆ ಮೌಸು ಅಷ್ಟೇ ಹತ್ತಿರಕ್ಕೆ ಬಂದು ಮೊಣಕೈ ಮೈಯ ಪಕ್ಕದಲ್ಲೇ ನಿಲ್ಲುತ್ತದೆ. ಭುಜದ ನೋವಿನವರಿಗೆ ಈ ಒಂದು ಕಾರಣವೇ ಸಾಕು.

ಕಿರಿಯ ಮಣೆಯ ಮಾತು ಬಂದಾಗ ಜಪಾನಿನ ಎಯಿಟಿ ವಾಡ ಅವರನ್ನು ನೆನೆಯದಿರುವಂತಿಲ್ಲ. ಟೋಕಿಯೊ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಅವರಿಗೆ, ಕಂಪ್ಯೂಟರು ಬದಲಾದಂತೆಲ್ಲ ಕೀಲಿಗಳ ಜಾಗವೂ ಬದಲಾಗುವುದು ಕಿರಿಕಿರಿಯಾಗಿತ್ತು. ಅವರ ವಿಚಾರವನ್ನು ಆಧರಿಸಿ ಪಿ.ಎಫ್.ಯು. ಸಂಸ್ಥೆ 1996ರಲ್ಲಿ ‘ಹ್ಯಾಪಿ ಹ್ಯಾಕಿಂಗ್’ ಎಂಬ 60 ಕೀಲಿಗಳ ಪುಟ್ಟ ಮಣೆಯನ್ನು ಹೊರತಂದಿತು. ದನಗಾಹಿಯು ಕುದುರೆಯನ್ನು ಬದಲಿಸಿದರೂ ತನ್ನ ಮೈಗೆ ಒಗ್ಗಿದ ಜೀನನ್ನು ಬಿಡುವುದಿಲ್ಲ, ಕಂಪ್ಯೂಟರು ಕುದುರೆಯಂತೆ, ಕೀಲಿಮಣೆ ಜೀನಿನಂತೆ ಎಂಬುದು ವಾಡ ಅವರು ಕೊಟ್ಟ ಹೋಲಿಕೆಯ ಸಾರ. ಆ ಮೊದಲ ಮಣೆ ರಬ್ಬರಿನದೇ ಆಗಿತ್ತು. ಆದರೂ ಕಿರಿಯ ಮಣೆಯ ಮೇಲಿನ ಮೋಹಕ್ಕೆ ಅದು ದಾರಿ ಮಾಡಿಕೊಟ್ಟಿತು. ಕೀಲಿಗಳನ್ನು ಕಡಿಮೆ ಮಾಡುವಾಗ ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂದು ವಾಡ ಅವರು ತೂಗಿ ನೋಡಿದ್ದರು. ಕೊಳ್ಳುವವರೂ ಮಾಡಬೇಕಾದ ಕೆಲಸ ಅದೇ.

ಅಡಗಿದ ಕೀಲಿಗಳು

ಕಿರಿಯ ಮಣೆಯಿಂದ ಹೊರಟುಹೋದ ಬಹುಪಾಲು ಕೀಲಿಗಳು ನಿಜವಾಗಿ ಎಲ್ಲಿಗೂ ಹೋಗಿರುವುದಿಲ್ಲ. ಉಳಿದ ಕೀಲಿಗಳ ಅಡಿಯಲ್ಲಿ ಅಡಗಿರುತ್ತವೆ. ‘ಎಫ್.ಎನ್.’ ಎಂಬ ಕೀಲಿಯನ್ನು ಒಂದು ಬೆರಳಿನಿಂದ ಹಿಡಿದು ಇನ್ನೊಂದನ್ನು ಒತ್ತಿದರೆ ಅವು ಕೆಲಸ ಮಾಡುತ್ತವೆ. ಒಂದು ಬೆರಳಿನ ಕೆಲಸಕ್ಕೆ ಎರಡು ಬೆರಳು. ಇದೇ ಕಿರಿಯ ಮಣೆಯ ಸುಂಕ. ವಾರಕ್ಕೊಮ್ಮೆ ಬೇಕಾಗುವ ಕೀಲಿಗೆ ಈ ಸುಂಕ ಹೆಚ್ಚಲ್ಲ. ನಿಮಿಷಕ್ಕೊಮ್ಮೆ ಬೇಕಾಗುವ ಕೀಲಿಗೆ ಅದು ದುಬಾರಿ.

ಲೆಕ್ಕಪತ್ರ ಬರೆಯುವವರನ್ನು ನೋಡಬಹುದು. ಟ್ಯಾಲಿಯಲ್ಲಿ ಪಾವತಿಗೆ ಎಫ್5, ರಸೀದಿಗೆ ಎಫ್6, ಮಾರಾಟಕ್ಕೆ ಎಫ್8, ಖರೀದಿಗೆ ಎಫ್9 ಎಂದು ಮೇಲಿನ ಸಾಲಿನ ಕೀಲಿಗಳನ್ನು ಒತ್ತುತ್ತಲೇ ಇರಬೇಕು. ಅಂಕಿಗಳನ್ನು ಬಲಗೈಯೊಂದರಿಂದಲೇ ಹೊಡೆಯುವ ಅಭ್ಯಾಸ ಅವರದು. ಅವರ ಕೈಗೆ 60 ಶೇಕಡಾ ಮಣೆಯನ್ನು ಕೊಡುವುದೆಂದರೆ ಅಡಿಗೆಯವರಿಗೆ ಸೌಟಿಲ್ಲದ ಅಡಿಗೆಮನೆ ಕೊಟ್ಟಂತೆ. ಅವರು ಪೂರ್ಣ ಮಣೆಯನ್ನೇ ಇಟ್ಟುಕೊಳ್ಳುವುದು ಉಚಿತ. ಇಲ್ಲವೆ ಅಂಕಿಗಳ ಗುಂಪನ್ನು ಬೇರೆಯಾಗಿ ಮಾರುತ್ತಾರೆ. ಅದನ್ನು ಕೊಂಡು ಬೇಕಾದಾಗ ಪಕ್ಕದಲ್ಲಿಟ್ಟುಕೊಳ್ಳಬಹುದು.

ಬರೆದುದನ್ನು ತಿದ್ದುವವರಿಗೆ, ಪ್ರೂಫು ನೋಡುವವರಿಗೆ ನಾಲ್ಕು ಬಾಣದ ಕೀಲಿಗಳೇ ಪ್ರಾಣ. 60 ಶೇಕಡಾ ಮಣೆಯಲ್ಲಿ ಅವು ಅಡಗಿರುತ್ತವೆ. 65 ಮತ್ತು 75ರಲ್ಲಿ ಬಹುತೇಕ ಹೊರಗೇ ಇರುತ್ತವೆ. ಬಲಗಡೆಯ ‘ಆಲ್ಟ್’ ಕೀಲಿಯೂ ಕೆಲವು ಮಣೆಗಳಲ್ಲಿ ಎಫ್.ಎನ್.ಗೆ ಜಾಗ ಬಿಟ್ಟಿರುತ್ತದೆ. ವಿಂಡೋಸಿನ ಭಾರತೀಯ ಇಂಗ್ಲಿಷ್ ವಿನ್ಯಾಸದಲ್ಲಿ ರೂಪಾಯಿಯ ಚಿಹ್ನೆ ಮೂಡಿಸಲು ಬಲಗಡೆಯ ಆಲ್ಟ್ ಹಿಡಿದು 4ನ್ನು ಒತ್ತಬೇಕು. ಬೆಲೆಪಟ್ಟಿ ಬರೆಯುವವರು ಇದನ್ನು ಮರೆಯಬಾರದು.

ಒಕಾರದ ಕಥೆ

ಈಗ ಕನ್ನಡದ ವಿಷಯ. ಇಂಗ್ಲಿಷಿನಲ್ಲಿ ಮಾತ್ರ ಬರೆಯುವವರು ಮಣೆಯ ಎಡ ಮೇಲ್ತುದಿಯಲ್ಲಿ, 1ರ ಪಕ್ಕದಲ್ಲಿರುವ ಕೀಲಿಯನ್ನು ಗಮನಿಸುವುದೇ ಇಲ್ಲ. ಓರೆಗೀಟು ಮತ್ತು ಅಲೆಗೀಟು ಅದರ ಮೇಲೆ ಅಚ್ಚಾಗಿರುತ್ತವೆ. ಇಂಗ್ಲಿಷ್ ಬರವಣಿಗೆಯಲ್ಲಿ ಅವು ಬರುವುದೇ ಅಪರೂಪ. ಕಿರಿಯ ಮಣೆಯ ವಿನ್ಯಾಸಕಾರರು ಆದುದರಿಂದಲೇ ಅದನ್ನು ಮೊದಲು ಬಲಿಕೊಟ್ಟರು. 60 ಶೇಕಡಾ ಮಣೆಗಳಲ್ಲಿ ಸಾಮಾನ್ಯವಾಗಿ, 65ರಲ್ಲಿ ಬಹಳಷ್ಟು ಕಡೆ, ಆ ಜಾಗದಲ್ಲಿ ‘ಎಸ್ಕೇಪ್’ ಕೀಲಿ ಕುಳಿತಿರುತ್ತದೆ.

ಆದರೆ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಕನ್ನಡ ಬರೆಯುವವರಿಗೆ ಆ ಕೀಲಿ ಏನು? ಅದೇ ಒಕಾರ! ಭಾರತೀಯ ಭಾಷೆಗಳಿಗೆಲ್ಲ ಒಂದೇ ಕ್ರಮವಿರಬೇಕೆಂದು ರೂಪಿಸಿ, 1991ರಲ್ಲಿ ಭಾರತೀಯ ಮಾನಕಗಳಲ್ಲಿ ಸೇರಿಸಿದ ವಿನ್ಯಾಸ ಅದು. ವಿಂಡೋಸಿನಲ್ಲಿ ತಾನಾಗಿಯೇ ದೊರೆಯುತ್ತದೆ. ಅದರಲ್ಲಿ ಆ ಮೂಲೆಯ ಕೀಲಿಯನ್ನು ಒತ್ತಿದರೆ ವ್ಯಂಜನಕ್ಕೆ ಒಕಾರ ಹತ್ತುತ್ತದೆ, ಶಿಫ್ಟಿನೊಡನೆ ಒತ್ತಿದರೆ ‘ಒ’ ಅಕ್ಷರ ಮೂಡುತ್ತದೆ. ಒಂದು, ಒಳಗೆ, ಕೊಡು, ಹೊಸ, ದೊಡ್ಡ, ತೊಂದರೆ: ಕನ್ನಡದಲ್ಲಿ ನಾಲ್ಕು ಸಾಲು ಬರೆಯುವುದರೊಳಗೆ ಇದು ಎಷ್ಟು ಸಲ ಬೇಕಾಗುತ್ತದೆಂದು ಎಣಿಸಿದರೆ ಆಶ್ಚರ್ಯವಾಗುತ್ತದೆ. ಈ ಬರಹದ ಶೀರ್ಷಿಕೆಯ ಕೊನೆಯ ಎರಡು ಪದಗಳಲ್ಲೇ ಎರಡು ಸಲ ಬಂದಿದೆ.

ಅಂಥ ಕಿರಿಯ ಮಣೆಯಲ್ಲಿ ‘ಕೊಡು’ ಎಂದು ಬರೆಯಬೇಕಾದರೆ ಒಕಾರಕ್ಕೆ ಎಫ್.ಎನ್. ಮತ್ತು ಎಸ್ಕೇಪ್ ಎರಡನ್ನೂ ಒತ್ತಬೇಕು. ‘ಒಂದು’ ಎಂದು ಬರೆಯಲು ಅವುಗಳ ಜೊತೆಗೆ ಹಲವು ಮಣೆಗಳಲ್ಲಿ ಶಿಫ್ಟೂ ಬೇಕು. ಒಂದೇ ಅಕ್ಷರಕ್ಕೆ ಮೂರು ಬೆರಳು. ಅಭ್ಯಾಸಬಲದಿಂದ ಎಫ್.ಎನ್. ಮರೆತು ಮೂಲೆಯ ಕೀಲಿಯನ್ನಷ್ಟೇ ಒತ್ತಿದರೆ ಇನ್ನೂ ಕೆಟ್ಟದು. ಎಸ್ಕೇಪ್ ಎಂದರೆ ‘ಬೇಡ, ಬಿಟ್ಟುಬಿಡು’ ಎಂಬ ಆಜ್ಞೆ. ಎಕ್ಸೆಲ್‌ನ ಒಂದು ಮನೆಯಲ್ಲಿ ಹೆಸರು, ವಿಳಾಸಗಳನ್ನು ತುಂಬುತ್ತಿರುವಾಗ ಅದನ್ನು ಒತ್ತಿದರೆ ಆ ಮನೆಯಲ್ಲಿ ಅದುವರೆಗೆ ಬರೆದುದೆಲ್ಲ ಅಳಿಸಿಹೋಗುತ್ತದೆ. ಒಕಾರ ಕೇಳಿದವರಿಗೆ ಬರೆದ ಪದವೂ ಹೋಯಿತು! ಇದಕ್ಕೆ ಮಣೆಯನ್ನು ಕೆಟ್ಟದೆಂದು ಜರೆದು ಫಲವಿಲ್ಲ. ಅದು ಬೇರೆ ಭಾಷೆಯ ಬೆರಳುಗಳಿಗಾಗಿ ಹೊಲಿದ ಅಂಗಿ, ಅಷ್ಟೆ.

ಕೆ. ಪಿ. ರಾವ್ ಅವರ ವಿನ್ಯಾಸದಲ್ಲಿ ಬರೆಯುವವರಿಗೆ ಈ ಕಷ್ಟವಿಲ್ಲ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಮನೆಮಾತಾಗಿರುವ ಈ ಕ್ರಮದಲ್ಲಿ ಕನ್ನಡದ ವರ್ಣಮಾಲೆಯೆಲ್ಲ ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳಲ್ಲೇ ಅಡಕವಾಗಿದೆ. ಒಕಾರ ಇಂಗ್ಲಿಷಿನ ‘ಓ’ ಕೀಲಿಯಲ್ಲೇ ಇದೆ, ಅಕ್ಷರಗಳನ್ನು ಬೆಸೆಯುವ ಅರ್ಧಾಕ್ಷರದ ಕೀಲಿ ‘ಎಫ್’. ಆದುದರಿಂದ ನುಡಿಯ ಅಭ್ಯಾಸವಿರುವವರು 60 ಶೇಕಡಾ ಮಣೆಯಲ್ಲಿಯೂ ಒಂದಕ್ಷರವನ್ನೂ ಕಳೆದುಕೊಳ್ಳದೆ ಬರೆಯಬಹುದು.

ಇನ್‌ಸ್ಕ್ರಿಪ್ಟಿನವರಿಗೂ ದಾರಿಗಳಿವೆ. ಮೊದಲನೆಯದು 75 ಶೇಕಡಾ ಮಣೆ. ಅದರಲ್ಲಿ ಎಸ್ಕೇಪ್ ಮೇಲಿನ ಸಾಲಿಗೆ ಏರುವುದರಿಂದ ಮೂಲೆಯ ಕೀಲಿ ತನ್ನ ಸ್ವಸ್ಥಾನದಲ್ಲೇ ಉಳಿಯುತ್ತದೆ. 65ಕ್ಕೂ 75ಕ್ಕೂ ಅಗಲದಲ್ಲಿ ವ್ಯತ್ಯಾಸವಿಲ್ಲದ್ದನ್ನು ಹಿಂದೆಯೇ ನೋಡಿದುದಾಯಿತು. ಒಂದು ಸಾಲು ಹೆಚ್ಚಾದುದರಿಂದ ಮೇಜಿನ ಆಳದಲ್ಲಿ ಖರ್ಚಾಗುವುದು ಎರಡು ಸೆಂಟಿಮೀಟರು. ಮೌಸು ಅಷ್ಟೇ ಹತ್ತಿರ, ಭುಜಕ್ಕೆ ಅಷ್ಟೇ ಹಿತ, ಒಕಾರವೂ ಸುರಕ್ಷಿತ. ಎರಡನೆಯದು, ಕೀಲಿಗಳ ಕೆಲಸವನ್ನು ಬೇಕಾದಂತೆ ಬದಲಿಸಿಕೊಳ್ಳಬಹುದಾದ ಮಣೆ. ಕ್ಯು.ಎಂ.ಕೆ., ವಿ.ಐ.ಎ. ಎಂಬ ಹೆಸರುಗಳನ್ನು ಅಂಗಡಿಯವರು ಹೇಳಿದರೆ ಅದರ ಅರ್ಥ ಇದೇ. ಮೂಲೆಗೆ ಒಕಾರವನ್ನೂ ಬೇರೊಂದು ಜಾಗಕ್ಕೆ ಎಸ್ಕೇಪನ್ನೂ ಒಮ್ಮೆ ನೇಮಿಸಿಬಿಟ್ಟರೆ ಅದು ಮಣೆಯ ನೆನಪಿನಲ್ಲೇ ಉಳಿದು, ಯಾವ ಕಂಪ್ಯೂಟರಿಗೆ ಜೋಡಿಸಿದರೂ ಹಾಗೆಯೇ ನಡೆಯುತ್ತದೆ. ವಾಡ ಅವರ ಮಣೆಯಲ್ಲಿ ಈ ಕೀಲಿಯನ್ನು ಬಿಟ್ಟಿಲ್ಲ, ಮೇಲಿನ ಸಾಲಿನ ಬಲತುದಿಗೆ ಸರಿಸಿದ್ದಾರೆಂಬುದೂ ಗಮನಾರ್ಹ. 40 ಶೇಕಡಾ ಎಂಬ ಅತಿ ಕಿರಿಯ ಮಣೆಯನ್ನು ಮಾತ್ರ ಇನ್‌ಸ್ಕ್ರಿಪ್ಟಿನವರು ದೂರದಿಂದಲೇ ನೋಡಿ ಸಂತೋಷಪಡುವುದು ಒಳ್ಳೆಯದು. ಅಂಕಿಗಳ ಸಾಲೇ ಅದರಲ್ಲಿಲ್ಲ. ಚ, ಟ, ಡ ಇರುವ ಬಲತುದಿಯ ಕೀಲಿಗಳೂ ಹಲವು ಮಣೆಗಳಲ್ಲಿ ಅಡಗಿಹೋಗಿರುತ್ತವೆ.

ಅಂಗಡಿಯಲ್ಲಿ

ಬೆಂಗಳೂರಿನವರಿಗೆ ಎಸ್. ಪಿ. ರಸ್ತೆಯಿದೆ, ಬೇರೆ ಊರುಗಳಲ್ಲೂ ಕಂಪ್ಯೂಟರಿನ ದೊಡ್ಡ ಅಂಗಡಿಗಳಿವೆ. ಸಾಧ್ಯವಾದರೆ ಕೈಯಿಟ್ಟು ನೋಡಿಯೇ ಕೊಳ್ಳಬೇಕು. ಚಿತ್ರ ನೋಡಿ ತರಿಸುವುದಾದರೆ ಹಿಂದಿರುಗಿಸುವ ನಿಯಮವನ್ನು ಮೊದಲೇ ಓದಿಕೊಳ್ಳಬೇಕು. ಅಂಗಡಿಯಲ್ಲಿ ಮೊದಲು ಸ್ಪೇಸ್ ಬಾರನ್ನೂ ಎಂಟರ್ ಕೀಲಿಯನ್ನೂ ಒತ್ತಿ ನೋಡಬೇಕು. ಅಗಲವಾದ ಕೀಲಿಗಳ ಕೆಳಗೆ ಅವು ಓರೆಯಾಗದಂತೆ ಹಿಡಿಯುವ ತಂತಿಯಿರುತ್ತದೆ. ಅಗ್ಗದ ಮಣೆಗಳಲ್ಲಿ ಆ ತಂತಿ ಗಡಗಡ ನಡುಗುತ್ತದೆ. ಮಣೆಯ ಗುಣವನ್ನು ಅಳೆಯಲು ಇದಕ್ಕಿಂತ ಸುಲಭವಾದ ಪರೀಕ್ಷೆಯಿಲ್ಲ.

ಕೀಲಿಯ ಟೋಪಿಗಳು ಎ.ಬಿ.ಎಸ್. ಅಥವಾ ಪಿ.ಬಿ.ಟಿ. ಎಂಬ ಪ್ಲಾಸ್ಟಿಕ್ಕಿನವು. ಮೊದಲನೆಯದು ಬೆರಳಿನ ಎಣ್ಣೆಗೆ ಬೇಗ ಹೊಳಪೇರಿ ಜಾರುತ್ತದೆ, ಎರಡನೆಯದು ಹೆಚ್ಚು ಕಾಲ ತರಿತರಿಯಾಗಿಯೇ ಉಳಿಯುತ್ತದೆ. ಅಕ್ಷರಗಳನ್ನು ಮೇಲೆ ಅಚ್ಚೊತ್ತಿದ್ದರೆ ಅಳಿಸಿಹೋಗುವ ಸಂಭವವುಂಟು. ಎರಡು ಬಣ್ಣದ ಪ್ಲಾಸ್ಟಿಕ್ಕನ್ನು ಎರಡು ಸಲ ಎರಕ ಹೊಯ್ದು ಮಾಡಿದ ಅಕ್ಷರ ಅಳಿಸುವುದಿಲ್ಲ. ಬೆಸುಗೆಯಿಲ್ಲದೆ ಸ್ವಿಚ್ಚನ್ನು ಕಿತ್ತು ಬೇರೆಯದನ್ನು ಚುಚ್ಚಬಹುದಾದ ‘ಹಾಟ್ ಸ್ವಾಪ್’ ಮಣೆಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ನೀಲಿಯ ಸದ್ದು ಮನೆಗೆ ಒಗ್ಗದಿದ್ದರೆ ಸ್ವಿಚ್ಚುಗಳನ್ನಷ್ಟೇ ಬದಲಿಸಿದರಾಯಿತು. ದೀಪಾವಳಿಯಂತೆ ಬಣ್ಣಬಣ್ಣದ ದೀಪ ಬೆಳಗುವುದು ಬರವಣಿಗೆಗೆ ಏನನ್ನೂ ಸೇರಿಸದು. ತಂತಿಯಿಲ್ಲದ ಮಣೆ ಅಚ್ಚುಕಟ್ಟು. ಆದರೆ ಅದರ ಬ್ಯಾಟರಿಯನ್ನು ನೆನಪಿನಿಂದ ಚಾರ್ಜು ಮಾಡಬೇಕು. ಒಂದೇ ಕಡೆ ಕುಳಿತು ಕೆಲಸ ಮಾಡುವವರಿಗೆ ತಂತಿಯದೇ ನಿಶ್ಚಿಂತೆ.

ಮೆಕ್ಯಾನಿಕಲ್ ಮಣೆ ಸಾಮಾನ್ಯವಾಗಿ ಎತ್ತರ. ಹಿಂದಿನ ಕಾಲುಗಳನ್ನೂ ಎತ್ತಿ ನಿಲ್ಲಿಸಿದರೆ ಮಣಿಕಟ್ಟು ಹಿಂದಕ್ಕೆ ಬಾಗಿ ನೋಯುತ್ತದೆ. ಕಾಲುಗಳನ್ನು ಮಡಿಸಿಟ್ಟು, ಅಂಗೈಗೆ ಮರದ ಅಥವಾ ಮೆತ್ತೆಯ ಆಸರೆ ಕೊಟ್ಟುಕೊಳ್ಳುವುದು ಲೇಸು.

ಇವೆಲ್ಲಕ್ಕಿಂತ ಮೊದಲು ಮಾಡಬೇಕಾದುದಕ್ಕೆ ಒಂದು ಕಾಸೂ ಖರ್ಚಿಲ್ಲ. ಈಗಿರುವ ಮಣೆಯ ಪಕ್ಕದಲ್ಲಿ ಒಂದು ಹಾಳೆಯನ್ನಿಟ್ಟುಕೊಂಡು, ಒಂದು ವಾರ, ಅಕ್ಷರಗಳನ್ನು ಬಿಟ್ಟು ಬೇರೆ ಯಾವ ಯಾವ ಕೀಲಿಗಳಿಗೆ ಬೆರಳು ಹೋಯಿತೆಂದು ಗುರುತು ಹಾಕುತ್ತ ಬರಬೇಕು. ಮಗ, ಮಗಳು, ತಂದೆ ಮೂವರೂ ಒಂದೇ ಕಂಪ್ಯೂಟರಿನಲ್ಲಿ ಕೆಲಸ ಮಾಡುವ ಮನೆಯಾದರೆ ಮೂವರೂ ಹಾಕಬೇಕು. ವಾರದ ಕೊನೆಗೆ ಆ ಹಾಳೆಯಲ್ಲಿ ಗುರುತೇ ಬೀಳದ ಕೀಲಿಗಳನ್ನು ಧಾರಾಳವಾಗಿ ಬಿಟ್ಟುಕೊಡಬಹುದು. ಗುರುತು ದಟ್ಟವಾಗಿ ಬಿದ್ದ ಕೀಲಿಗಳು ಹೊರಗೆ ಕಾಣುವಂತಿರುವ ಮಣೆಯಲ್ಲಿ ಅತ್ಯಂತ ಕಿರಿದು ಯಾವುದೋ ಅದೇ ಆ ಮನೆಗೆ ತಕ್ಕದ್ದು. ಹಾಳೆಯ ತುಂಬ ಗುರುತು ಬಿದ್ದಿದ್ದರೆ ಪೂರ್ಣ ಗಾತ್ರದ ಮಣೆಯನ್ನೇ ಕೊಳ್ಳಬೇಕು. ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ.